ಭಾರ ಬಂದ ಮೇಲೆ ಬಿಗಿ: ಹಳೇ ಅಂಬಾಸಿಡರ್‌ನ ಹಿಂಬದಿ ಬುಷ್ ಹೇಳುವ ಚರಿತ್ರೆ

ನಮ್ಮ ಗುಂಪಿನ ಒಬ್ಬನ ಮಾವ ಸುಳ್ಯದ ಕಡೆಯವರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸರ್ವಿಸ್ ಕಾರು ಓಡಿಸಿ ಸಂಸಾರ ಸಾಗಿಸಿದವರು. ಆ ಅಂಬಾಸಿಡರ್ ಈಗಲೂ ಅವರ ಕೊಟ್ಟಿಗೆಯ ಪಕ್ಕದ ಶೆಡ್‌ನಲ್ಲಿದೆ. ಕಳೆದ ವರ್ಷ ರಬ್ಬರ್ ಕೃಷಿಕರ ಬಗ್ಗೆ ಬರೆಯಲೆಂದು ಆ ಕಡೆ ಹೋದಾಗ ನಮ್ಮ ಓಡಾಟಕ್ಕೆ ಸಿಕ್ಕಿದ್ದು ಅದೇ ಕಾರು.

ಮೊದಲ ತಿರುವಿನಲ್ಲೇ ನಮಗೆ ಎದೆ ಝಲ್ಲೆಂದಿತು. ಮುಂಭಾಗ ತಿರುಗಿ ಒಂದು ಕ್ಷಣವಾದ ಮೇಲೆ ಹಿಂಭಾಗ ತಾನೂ ತಿರುಗಬೇಕೆಂದು ನೆನಪಾದವರಂತೆ ಬಂತು. ಸಣ್ಣ ಹೊಂಡಕ್ಕೂ ಸೀಟಿನಡಿ ಯಾರೋ ಕಬ್ಬಿಣ ಕುಟ್ಟಿದ ಸದ್ದು. ಮಾವ ಮಾತ್ರ ಸಣ್ಣಗೆ ನಕ್ಕು, "ಹಿಂದಿನ ಬುಷ್ ಹೋಗಿದೆ. ಮೂರು ತಿಂಗಳ ಹಿಂದೆ ಪೇಟೆಯಲ್ಲಿ ಹೊಸತು ಹಾಕಿಸಿದ್ದು, ಪುನಃ ಹೋಗಿದೆ. ಇನ್ನು ಗುಜರಿಗೆ ಕೊಡುದೇ ಒಳ್ಳೆದು ಅಂತ ಕಾಣ್ತದೆ" ಅಂದರು.

ಮೂರೇ ತಿಂಗಳಲ್ಲಿ ಹೊಸ ಬುಷ್ ಹೇಗೆ ಹೋಯಿತು? ಆ ಪ್ರಶ್ನೆ ಹಿಡಿದು ನಾವು ಹೊರಟೆವು. ಅಂಗೈಯಲ್ಲಿ ಹಿಡಿಸುವ ಆ ರಬ್ಬರ್ ತುಂಡು ನಮ್ಮನ್ನು ಅಮೆಜಾನ್ ಕಾಡಿಗೆ, ಕಾಂಗೋಕ್ಕೆ, ಸಿಲೋನ್‌ಗೆ ಸುತ್ತಿಸಿ, ಕೊನೆಗೆ ಸುಳ್ಯದ ರಬ್ಬರ್ ತೋಟಕ್ಕೇ ತಂದು ನಿಲ್ಲಿಸಿತು.

ಬುಷ್ ಎಲ್ಲಿರುತ್ತದೆ?

ಹಳೇ ಕಾರುಗಳಲ್ಲಿ ಹಿಂದಿನ ಎರಡು ಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲ್ ಜೋಡಿಸುತ್ತದೆ. ಆ ಆಕ್ಸಲ್ ಎರಡು ಕಮಾನು ಪಟ್ಟಿಗಳಿಗೆ ಯು-ಬೋಲ್ಟ್‌ಗಳಿಂದ ಬಿಗಿದುಕೊಂಡಿರುತ್ತದೆ. ಒಂದರ ಮೇಲೊಂದು ಪೇರಿಸಿದ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟೇ ಕಮಾನು. ಎಲ್ಲಕ್ಕಿಂತ ಉದ್ದದ ಪಟ್ಟಿಯ ಎರಡೂ ತುದಿ ಸುರುಳಿ ಸುತ್ತಿ ಒಂದೊಂದು ಕಣ್ಣಾಗಿರುತ್ತದೆ. ಮುಂದಿನ ಕಣ್ಣು ಬೋಲ್ಟ್ ಮೂಲಕ ನೇರ ಗಾಡಿಯ ತಳಕ್ಕೆ ಸೇರುತ್ತದೆ. ಹಿಂದಿನ ಕಣ್ಣು ಶ್ಯಾಕಲ್ ಎಂಬ ಜೋಕಾಲಿಯಂಥ ಕೊಂಡಿಗೆ ಸೇರುತ್ತದೆ. ಭಾರ ಬಿದ್ದಾಗ ಬಾಗಿದ ಕಮಾನು ನೆಟ್ಟಗಾಗಿ ಅದರ ಉದ್ದ ಹೆಚ್ಚುತ್ತದಲ್ಲ, ಆ ಹೆಚ್ಚಿದ ಉದ್ದಕ್ಕೆ ಜಾಗ ಕೊಡುವುದೇ ಈ ಜೋಕಾಲಿಯ ಕೆಲಸ.

ಕಣ್ಣು ಮತ್ತು ಬೋಲ್ಟಿನ ನಡುವೆ, ಉಕ್ಕಿಗೆ ಉಕ್ಕು ಉಜ್ಜದಂತೆ ಕೂರುವುದು ಬುಷ್. ಅದು ಸವೆದರೆ ಕಣ್ಣಿನೊಳಗೆ ಬೋಲ್ಟ್ ಆಡುತ್ತದೆ. ಬೋಲ್ಟ್ ಆಡಿದರೆ ಕಮಾನು, ಕಮಾನು ಆಡಿದರೆ ಆಕ್ಸಲ್. ನಾಲ್ಕಾಣೆಯಷ್ಟು ದಪ್ಪದ ರಬ್ಬರ್ ಹೋದರೆ ಇಡೀ ಗಾಡಿಯ ಹಿಂಭಾಗ ದಾರಿ ತಪ್ಪುತ್ತದೆ. ಸಂಪಾಜೆ ಘಾಟಿಯಂಥ ದಾರಿಯಲ್ಲಿ ಇದು ಬರೀ ಸದ್ದಿನ ತೊಂದರೆಯಲ್ಲ, ಜೀವದ ಪ್ರಶ್ನೆ.

ಗ್ರೀಸಿನ ಕಾಲ

ತಿರುಗುವ ಜಾಗಕ್ಕೆಲ್ಲ ಎಣ್ಣೆ ಬೇಕು ಎಂಬುದು ಗಾಡಿಯಷ್ಟೇ ಹಳೆಯ ತಿಳಿವಳಿಕೆ. ನಮ್ಮ ಎತ್ತಿನಗಾಡಿಯ ಅಚ್ಚಿಗೆ ಹಚ್ಚುವುದಕ್ಕೆ ಕೀಲೆಣ್ಣೆ ಎಂಬ ಬೇರೆ ಹೆಸರೇ ಇತ್ತು. ಸಂತೆಗೆ ಹೊರಡುವ ಮುಂಚೆ ಕೀಲೆಣ್ಣೆ ಹಾಕದ ಗಾಡಿಯ ಕಿರುಗುಟ್ಟುವಿಕೆ ಅರ್ಧ ಮೈಲಿ ಕೇಳುತ್ತಿತ್ತು.

ಕುದುರೆ ಗಾಡಿಗಳಿಗೆ ಉಕ್ಕಿನ ಕಮಾನು ಬಂದಾಗಲೂ ಇದೇ ಕಥೆ ಮುಂದುವರಿಯಿತು. ಲಂಡನ್ನಿನ ಗಾಡಿ ತಯಾರಕ ಒಬಡಯಾ ಎಲಿಯಟ್ 1804ರಲ್ಲಿ ಕಮಾನು ಪಟ್ಟಿಗಳ ಮೇಲೆ ಕೂರುವ ಗಾಡಿಗೆ ಪೇಟೆಂಟ್ ಪಡೆದ. ಮೋಟಾರು ಕಾರು ಬಂದಾಗ ಅದೇ ಕಮಾನನ್ನು ಎತ್ತಿ ಕಾರಿನಡಿ ಇಟ್ಟರು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕೂಡ ಕಮಾನಿನ ಮೇಲೆ ಕೂತ ಕಾರೇ.

ಆ ಕಾಲದ ಬುಷ್ ಎಂದರೆ ಕಂಚಿನ ಬಳೆ. ಒಳಗೆ ಉಕ್ಕಿನ ಪಿನ್ನು, ನಡುವೆ ಎಣ್ಣೆ ಅಥವಾ ಗ್ರೀಸು. ಆದರೆ ಕಮಾನಿನ ಕಣ್ಣಿರುವುದು ಚಕ್ರದ ಪಕ್ಕದಲ್ಲಿ. ಕೆಸರು, ಧೂಳು, ಮರಳು ಎಲ್ಲ ಹಾರಿ ಬೀಳುವುದು ಅಲ್ಲಿಗೇ. ಗ್ರೀಸಿಗೆ ಧೂಳು ಸೇರಿದರೆ ಅದು ಅರೆಯುವ ಹಿಟ್ಟಾಗುತ್ತದೆ. ಸವೆಯದಿರಲಿ ಎಂದು ಹಚ್ಚಿದ್ದೇ ಸವೆಸುತ್ತದೆ. ಹಾಗಾಗಿ ಆಗಾಗ ಗಾಡಿಯಡಿ ನುಗ್ಗಿ, ಹಳೇ ಗ್ರೀಸು ಹೊರಬರುವ ತನಕ ಹೊಸ ಗ್ರೀಸು ತುಂಬಬೇಕಿತ್ತು. ಕಾರಿಟ್ಟವರ ಮನೆಯಲ್ಲಿ ಡ್ರೈವರ್ ಜೊತೆಗೆ ಕ್ಲೀನರ್ ಕೂಡ ಇರುತ್ತಿದ್ದುದು ಸುಮ್ಮನೆ ಅಲ್ಲ.

ರಬ್ಬರ್ ನಡೆದು ಬಂದ ದಾರಿ

ಗ್ರೀಸಿಗೆ ಬದಲಾಗಿ ಬಂದದ್ದು ರಬ್ಬರ್. ಆದರೆ ಅದು ಸುಲಭದ ದಾರಿಯಲ್ಲಿ ಬರಲಿಲ್ಲ.

ಹಸಿ ರಬ್ಬರ್ ಬಿಸಿಲಿಗೆ ಅಂಟಂಟು, ಚಳಿಗೆ ಬಿರುಸು. ಅದಕ್ಕೆ ಗಂಧಕ ಸೇರಿಸಿ ಕಾಯಿಸಿದರೆ ಎಳೆದರೂ ಮತ್ತೆ ಮೊದಲಿನ ರೂಪಕ್ಕೆ ಬರುತ್ತದೆ ಎಂದು 1839ರಲ್ಲಿ ಕಂಡುಕೊಂಡವನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್. 1844ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಹಣ ಮಾತ್ರ ಸಿಗಲಿಲ್ಲ, ಸಾಲದಲ್ಲೇ ಸತ್ತ. ಟೈರು ಕಂಪನಿಗೆ ಅವನ ಹೆಸರಿಟ್ಟದ್ದು ಅವನು ಸತ್ತು ದಶಕಗಳಾದ ಮೇಲೆ.

1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ ಮೇಲೆ ಸೈಕಲ್ಲು, ನಂತರ ಕಾರು, ಎಲ್ಲಕ್ಕೂ ರಬ್ಬರ್ ಬೇಕಾಯಿತು. ಆಗ ರಬ್ಬರ್ ಸಿಗುತ್ತಿದ್ದುದು ಕಾಡಿನಿಂದ. ಬೆಲ್ಜಿಯಂ ದೊರೆ ಲಿಯೋಪೋಲ್ಡ್‌ನ ಖಾಸಗಿ ಸ್ವತ್ತಿನಂತಿದ್ದ ಕಾಂಗೋದಲ್ಲಿ ಹಳ್ಳಿ ಹಳ್ಳಿಗೂ ಇಷ್ಟು ರಬ್ಬರ್ ತರಲೇಬೇಕೆಂದು ಲೆಕ್ಕ ಕಟ್ಟಿದರು. ತರದಿದ್ದರೆ ಹೆಂಗಸರನ್ನು ಒತ್ತೆಯಿಟ್ಟರು, ಗುಂಡಿಕ್ಕಿದರು, ಕೈ ಕತ್ತರಿಸಿದರು. ಬ್ರಿಟಿಷ್ ಅಧಿಕಾರಿ ರೋಜರ್ ಕೇಸ್‌ಮೆಂಟ್‌ನ ವರದಿ 1904ರಲ್ಲಿ ಇದನ್ನೆಲ್ಲ ಜಗತ್ತಿನ ಮುಂದಿಟ್ಟಿತು. ಊರೂರು ತಿರುಗಿ, ಜನರ ಮಾತು ಕೇಳಿ ಬರೆದ ವರದಿ ಅದು. ಪತ್ರಿಕೋದ್ಯಮ ಓದಿದ ನಮಗೆ ಅದರ ಕಥೆ ತರಗತಿಯಲ್ಲಿ ಸಿಗಲಿಲ್ಲ, ಬುಷ್ ಹುಡುಕುವಾಗ ಸಿಕ್ಕಿತು.

ಇನ್ನೊಂದು ದಾರಿ ತೋಟದ್ದು. 1876ರಲ್ಲಿ ಹೆನ್ರಿ ವಿಕಮ್ ಎಂಬ ಇಂಗ್ಲಿಷಿನವ ಬ್ರೆಜಿಲ್‌ನಿಂದ ಸುಮಾರು 70,000 ರಬ್ಬರ್ ಬೀಜಗಳನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಸಾಗಿಸಿದ. ಮೊಳೆತದ್ದು ಮೂರು ಸಾವಿರಕ್ಕೂ ಕಡಿಮೆ. ಆ ಸಸಿಗಳಲ್ಲಿ ಹೆಚ್ಚಿನವು ಹಡಗು ಹತ್ತಿ ಸಿಲೋನ್‌ಗೆ, ಅಂದರೆ ಇಂದಿನ ಶ್ರೀಲಂಕಾಕ್ಕೆ ಬಂದವು. ಅಲ್ಲಿಂದ ಏಷ್ಯಾದ ತೋಟಗಳು ಶುರುವಾದವು. ನಮ್ಮ ದೇಶದಲ್ಲಿ ವಾಣಿಜ್ಯ ಉದ್ದೇಶದ ಮೊದಲ ರಬ್ಬರ್ ತೋಟ 1902ರಲ್ಲಿ ಕೇರಳದ ತಟ್ಟೇಕಾಡಿನಲ್ಲಿ, ಪೆರಿಯಾರ್ ಹೊಳೆಯ ಬದಿಯಲ್ಲಿ ಎದ್ದಿತು.

ಸದ್ದಿಲ್ಲದ ಬುಷ್

ತೋಟದ ರಬ್ಬರ್ ಧಾರಾಳವಾದ ಮೇಲೆ ಅದು ಟೈರು ಬಿಟ್ಟು ಕಾರಿನ ಬೇರೆ ಬೇರೆ ಸಂದುಗಳಿಗೂ ನುಗ್ಗಿತು. 1920ರ ದಶಕದಲ್ಲಿ ಯುರೋಪಿನಲ್ಲಿ ಬಂದ 'ಸೈಲೆಂಟ್‌ಬ್ಲಾಕ್' ಬುಷ್‌ನ ರಚನೆ ಬಹಳ ಸರಳ: ಹೊರಗೊಂದು ಉಕ್ಕಿನ ಕೊಳವೆ, ಒಳಗೊಂದು ಚಿಕ್ಕ ಕೊಳವೆ, ನಡುವೆ ಒತ್ತಿ ತುಂಬಿದ ರಬ್ಬರ್. ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಕೇಳುವ 'ಸೈಲೆಂಟ್ ಬ್ಲಾಕ್' ಎಂಬ ಮಾತು ಬಂದದ್ದು ಈ ಹೆಸರಿನಿಂದ.

ಇದರಲ್ಲಿ ಒಂದು ಹೊಸ ಯೋಚನೆ ಇತ್ತು. ಕಂಚಿನ ಬುಷ್‌ನಲ್ಲಿ ಪಿನ್ನು ಬುಷ್‌ನೊಳಗೆ ಜಾರುತ್ತದೆ. ರಬ್ಬರ್ ಬುಷ್‌ನಲ್ಲಿ ಏನೂ ಜಾರುವುದಿಲ್ಲ. ಒಳಕೊಳವೆ ಬೋಲ್ಟಿಗೆ ಬಿಗಿ, ಹೊರಕೊಳವೆ ಕಣ್ಣಿಗೆ ಬಿಗಿ. ಕಮಾನು ಏರಿಳಿದಾಗ ನಡುವಿನ ರಬ್ಬರ್ ತಾನೇ ತಿರುಚಿಕೊಂಡು ಮತ್ತೆ ಸರಿಯಾಗುತ್ತದೆ. ಜಾರುವಿಕೆ ಇಲ್ಲದ ಮೇಲೆ ಉಜ್ಜಾಟ ಇಲ್ಲ, ಗ್ರೀಸು ಬೇಡ, ಧೂಳು ಸೇರಲು ಸಂದೂ ಇಲ್ಲ. ಈ ತಿರುಚುವಿಕೆಯ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮಾವನ ಕಾರಿನ ಒಗಟು ಬಿಡಿಸುವುದು ಇದೇ.

ಎಲ್ಲರೂ ಇದನ್ನು ಕೈಬೀಸಿ ಕರೆಯಲಿಲ್ಲ. 1931ರಲ್ಲಿ ವಾಲ್ಟರ್ ಕ್ರೈಸ್ಲರ್‌ನ ಕಂಪನಿ ಇಂಜಿನನ್ನೇ ರಬ್ಬರ್ ಮೇಲೆ ಕೂರಿಸಿದ ಪ್ಲಿಮತ್ ಕಾರು ತಂದಿತು. ಮರುವರ್ಷ ಕ್ರೈಸ್ಲರ್ ತಾನೇ ಅದನ್ನು ಫೋರ್ಡ್ ಕಚೇರಿಗೆ ತಂದು ತೋರಿಸಿದಾಗ ಹೆನ್ರಿ ಫೋರ್ಡ್‌ಗೆ ಅದು ಹಿಡಿಸಲಿಲ್ಲವಂತೆ. ಕಾರಣವನ್ನೂ ಹೇಳಲಿಲ್ಲವಂತೆ. ಫೋರ್ಡ್‌ನ ಬಲಗೈಯಂತಿದ್ದ ಚಾರ್ಲ್ಸ್ ಸೊರೆನ್ಸನ್ ತನ್ನ ನೆನಪಿನ ಪುಸ್ತಕದಲ್ಲಿ ಇದನ್ನು ಬರೆದಿದ್ದಾನೆ. ಆದರೆ ರಬ್ಬರ್ ಯಾರ ಒಪ್ಪಿಗೆಗೂ ಕಾಯಲಿಲ್ಲ. ಕೆಲವೇ ವರ್ಷಗಳಲ್ಲಿ ಕಾರಿನ ಸಂದುಸಂದಿನಲ್ಲೂ ಅದು ಬಂದು ಕೂತಿತು.

ಅಂಬಾಸಿಡರ್ ಹಳ್ಳಿಗೆ ಬಂದದ್ದು

1942ರ ಫೆಬ್ರವರಿಯಲ್ಲಿ ಸಿಂಗಪುರ ಜಪಾನಿನ ಕೈಸೇರಿತು. ಮಲಯದ ತೋಟಗಳೂ ಅದರ ಜೊತೆಗೇ ಹೋದವು. ಬ್ರಿಟನ್, ಅಮೆರಿಕ ಎರಡಕ್ಕೂ ರಬ್ಬರ್‌ಗೆ ಬರಗಾಲ ಬಂತು. ಅದೇ ವರ್ಷ ನಮ್ಮಲ್ಲಿ ಬಿ.ಎಂ. ಬಿರ್ಲಾ ಹಿಂದುಸ್ತಾನ್ ಮೋಟಾರ್ಸ್ ಕಂಪನಿ ಕಟ್ಟಿದರು. ಗುಜರಾತಿನ ಓಖಾದಲ್ಲಿ ಶುರುವಾದ ಕಾರು ಜೋಡಣೆ 1948ರಲ್ಲಿ ಬಂಗಾಳದ ಉತ್ತರಪಾಡಾಕ್ಕೆ ಬಂತು.

ಬಿಡಿಭಾಗ ತಂದು ಬರೀ ಜೋಡಿಸಿ ಮಾರುವವರು ಇಲ್ಲಿ ಬೇಡ, ಇಲ್ಲೇ ತಯಾರಿಸುವವರು ಮಾತ್ರ ಇರಲಿ ಎಂದು 1953ರಲ್ಲಿ ಸರ್ಕಾರ ತೀರ್ಮಾನಿಸಿತು. ಜನರಲ್ ಮೋಟಾರ್ಸ್, ಫೋರ್ಡ್ ಗಂಟುಮೂಟೆ ಕಟ್ಟಿದವು. ಉಳಿದ ಹಿಂದುಸ್ತಾನ್ ಮೋಟಾರ್ಸ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರನ್ನೇ ಅಂಬಾಸಿಡರ್ ಹೆಸರಿನಲ್ಲಿ 1957ರಿಂದ ಮಾಡತೊಡಗಿತು. ಇಂಗ್ಲೆಂಡಿನಲ್ಲಿ ಆ ಮಾದರಿ ಮೂರು ವರ್ಷ ಬಾಳಿತು. ಇಲ್ಲಿ 2014ರ ಮೇ ತಿಂಗಳವರೆಗೆ, ಅರ್ಧ ಶತಮಾನಕ್ಕೂ ಮಿಕ್ಕಿ ನಡೆಯಿತು. ಇಂಜಿನ್ ಬದಲಾಯಿತು, ಮುಂದಿನ ಜಾಲರಿ ಬದಲಾಯಿತು, 1980ರ ಹೊತ್ತಿಗೆ ಡೀಸೆಲ್ಲೂ ಬಂತು. ಹಿಂದಿನ ಕಮಾನು ಮಾತ್ರ ಉಳಿಯಿತು.

ಉಳಿದದ್ದಕ್ಕೆ ಕಾರಣ ನಮ್ಮ ರಸ್ತೆಗಳಲ್ಲಿದೆ. ಬಸ್ಸು ದಿನಕ್ಕೆರಡೇ ಇದ್ದ ದಕ್ಷಿಣ ಕನ್ನಡದ ಹಳ್ಳಿಗಳಿಗೆ ಸರ್ವಿಸ್ ಕಾರೇ ಗತಿ. ಇಷ್ಟೇ ಜನ ಎಂಬ ಲೆಕ್ಕ ಅದರಲ್ಲಿರಲಿಲ್ಲ. ಹಿಂದೆ ಐದಾರು, ಮುಂದೆ ನಾಲ್ಕು, ಡ್ರೈವರ್‌ನ ಬಾಗಿಲ ಬದಿಗೂ ಒಬ್ಬರು, ಡಿಕ್ಕಿಯಲ್ಲಿ ಅಡಿಕೆ ಮೂಟೆ. ಮಾವನ ಮಾತಿನಲ್ಲಿ ಹೇಳುವುದಾದರೆ, "ಬಾಗಿಲು ಹಾಕ್ಲಿಕ್ಕೆ ಆದ್ರೆ ಇನ್ನೊಬ್ರಿಗೆ ಜಾಗ ಉಂಟು ಅಂತ ಅರ್ಥ." ಹೆರಿಗೆಗೆ ಹೊರಟವರು, ಪರೀಕ್ಷೆಗೆ ಹೊರಟ ಮಕ್ಕಳು, ಮದುವೆ ದಿಬ್ಬಣ, ಆಸ್ಪತ್ರೆಯಿಂದ ಮನೆಗೆ ಬರುವ ಹೆಣ ಎಲ್ಲವನ್ನೂ ಆ ಎರಡು ಕಮಾನುಗಳು ಹೊತ್ತಿವೆ. ಆ ಭಾರವೆಲ್ಲ ಹಾದು ಹೋದದ್ದು ಕಣ್ಣಿನೊಳಗಿನ ರಬ್ಬರ್ ಮೂಲಕ.

ಸುಳ್ಯದ ರಬ್ಬರ್, ಸಿಲೋನಿನ ಜನ

ನಾವು ಬರೆಯಲು ಹೋಗಿದ್ದ ರಬ್ಬರ್ ತೋಟಗಳ ಕಥೆ ಇಲ್ಲಿ ಬಂದು ಕೂಡಿಕೊಳ್ಳುತ್ತದೆ.

ಬ್ರೆಜಿಲ್‌ನ ಸಸಿ ಬೇರೂರಿದ ಸಿಲೋನಿನಲ್ಲಿ ಕೆಲಸಕ್ಕೆ ಜನ ಬೇಕಿತ್ತು. ಬ್ರಿಟಿಷರು ತಮಿಳುನಾಡಿನ ಬಡ ಹಳ್ಳಿಗಳಿಂದ ಕಾಫಿ, ಚಹಾ, ರಬ್ಬರ್ ತೋಟಗಳಿಗೆ ಕೂಲಿಗಳನ್ನು ತಲೆಮಾರುಗಟ್ಟಲೆ ಸಾಗಿಸಿದರು. ಸಿಲೋನ್ ಸ್ವತಂತ್ರವಾದ 1948ರಲ್ಲೇ ಬಂದ ಪೌರತ್ವ ಕಾನೂನು ಅವರಲ್ಲಿ ಹೆಚ್ಚಿನವರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರ್‌ನಲ್ಲಿ ಪ್ರಧಾನಿಗಳಾದ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಒಪ್ಪಂದಕ್ಕೆ ಸಹಿ ಹಾಕಿದರು. 5,25,000 ಜನರನ್ನು ಭಾರತ ತೆಗೆದುಕೊಳ್ಳುವುದು, 3,00,000 ಜನರನ್ನು ಸಿಲೋನ್ ಉಳಿಸಿಕೊಳ್ಳುವುದು ಎಂಬ ಹಂಚಿಕೆ ಅದು. ಆ ಜನರನ್ನು ಯಾರೂ ಕೇಳಲಿಲ್ಲ.

ಹಾಗೆ ಬಂದವರಲ್ಲಿ ಕೆಲವು ಕುಟುಂಬಗಳಿಗೆ ಸುಳ್ಯ, ಪುತ್ತೂರು ಕಡೆ ನೆಲೆ ಸಿಕ್ಕಿತು. ಅವರ ಪುನರ್ವಸತಿಗೆಂದೇ ಇಲ್ಲಿ ಎಬ್ಬಿಸಿದ ರಬ್ಬರ್ ತೋಟಗಳನ್ನು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ ನೋಡಿಕೊಳ್ಳುತ್ತದೆ. ಬೆಳಕು ಹರಿಯುವ ಮೊದಲೇ ತಲೆಗೆ ದೀಪ ಕಟ್ಟಿಕೊಂಡು ಮರದಿಂದ ಮರಕ್ಕೆ ಹೋಗಿ ತೊಗಟೆ ಕೊರೆದು ಹಾಲಿಳಿಸುವವರು ಅವರ ಮಕ್ಕಳು, ಮೊಮ್ಮಕ್ಕಳು. ಸಸಿ ಹಿಡಿದ ದಾರಿಯನ್ನೇ ಮನುಷ್ಯರಿಗೂ ಹಿಡಿಸಲಾಯಿತು. ಮಾವ ಈ ಕಾಲೋನಿಗಳ ದಾರಿಯಲ್ಲೂ ಸರ್ವಿಸ್ ಮಾಡಿದವರು. ಅಂದರೆ ರಬ್ಬರ್ ಇಳಿಸುವವರು ರಬ್ಬರ್ ಬುಷ್‌ಗಳ ಮೇಲೆ ಕೂತೇ ಸಂತೆಗೆ ಹೋಗಿಬಂದಿದ್ದಾರೆ. ಚರಿತ್ರೆಯ ಪುಸ್ತಕದಲ್ಲಿ ಇವರಿಗೂ ಬುಷ್‌ಗೂ ಹೆಚ್ಚು ಜಾಗ ಇಲ್ಲ, ಭಾರ ಹೊರುವುದು ಸದ್ದಿಲ್ಲದೆ ನಡೆಯುವ ಕೆಲಸವಾದ್ದರಿಂದ ಇರಬಹುದು.

ಮೇಸ್ತ್ರಿಯ ಗುಂಡಿಯಲ್ಲಿ

ಗುಜರಿಗೆ ಕೊಡುವ ಮುಂಚೆ ಒಮ್ಮೆ ನೋಡಿ ಎಂದು ನಾವು ಮಾವನನ್ನು ಒಪ್ಪಿಸಿ, ಊರಿನ ಹಳೇ ಗ್ಯಾರೇಜಿಗೆ ಕಾರು ತಂದೆವು. ಎಪ್ಪತ್ತು ದಾಟಿದ ಮೇಸ್ತ್ರಿ ಕೆಳಗಿಳಿದು, ಸಬ್ಬಲ್ ಕೊಟ್ಟು ಕಮಾನಿನ ಕಣ್ಣನ್ನು ಒಮ್ಮೆ ಮೀಟಿದರು. ಕಣ್ಣೊಳಗೆ ಬೋಲ್ಟ್ ಅತ್ತಿತ್ತ ಹೋಯಿತು. ಬಿಚ್ಚಿ ತೋರಿಸಿದರೆ ಹೊಸ ರಬ್ಬರ್ ಸವೆದಿರಲಿಲ್ಲ, ಹರಿದಿತ್ತು.

"ಇದನ್ನು ಗಾಳಿಯಲ್ಲಿ ಬಿಗಿದದ್ದು" ಎಂದರು ಮೇಸ್ತ್ರಿ.

ಗಾಳಿಯಲ್ಲಿ ಬಿಗಿಯುವುದು ಅಂದರೆ ಹೀಗೆ. ಕೆಲಸಕ್ಕಾಗಿ ಗಾಡಿಯನ್ನು ಎತ್ತಿದಾಗ ಚಕ್ರ ಕೆಳಗೆ ಜೋತು ಬೀಳುತ್ತದೆ, ಕಮಾನು ಪೂರ್ತಿ ಬಾಗಿರುತ್ತದೆ. ಆ ಸ್ಥಿತಿಯಲ್ಲೇ ಬೋಲ್ಟನ್ನು ಕೊನೆಯ ಸುತ್ತಿನ ತನಕ ಬಿಗಿದರೆ ಬುಷ್‌ನ ಒಳಕೊಳವೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ಇಳಿಸಿದ ಕೂಡಲೇ ಕಮಾನು ನೆಟ್ಟಗಾಗುತ್ತದೆ, ರಬ್ಬರ್ ತಿರುಚಿಕೊಳ್ಳುತ್ತದೆ. ನಿಂತಾಗಲೂ ತಿರುಚಿಕೊಂಡೇ ಇರುವ ರಬ್ಬರ್ ಹೊಂಡ ಬಂದಾಗ ಇನ್ನಷ್ಟು ತಿರುಚಬೇಕು. ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಪೇಟೆಯವರು ಮಾಲು ಕೆಟ್ಟದ್ದು ಹಾಕಿರಲಿಲ್ಲ, ಬಿಗಿಯುವ ಹೊತ್ತು ತಪ್ಪಿತ್ತು.

ಮೇಸ್ತ್ರಿ ಕೆಲಸ ಮಾಡಿದ ಕ್ರಮವನ್ನು ನಾವು ಬರೆದುಕೊಂಡೆವು. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು. ಗಾಡಿಯ ತಳಕ್ಕೆ ಎರಡು ಗಟ್ಟಿ ಸ್ಟ್ಯಾಂಡ್, ಆಕ್ಸಲ್‌ಗೆ ಪ್ರತ್ಯೇಕ ಜಾಕ್. ಬರೀ ಜಾಕ್ ನಂಬಿ ಗಾಡಿಯಡಿ ಹೋಗುವುದೇ ಇಲ್ಲ. ಶ್ಯಾಕಲ್‌ನ ಬುಷ್ ಎರಡು ಹೋಳಾಗಿ ಬರುವುದರಿಂದ ಮೀಟಿದರೆ ಬಂತು. ಉಕ್ಕಿನ ಕೊಳವೆಯ ಬುಷ್ ಆದರೆ ತುಕ್ಕು ಹಿಡಿದು ಕಣ್ಣಿಗೇ ಕಚ್ಚಿರುತ್ತದೆ. ಗ್ಯಾಸ್ ಹಚ್ಚಿ ಸುಡುವುದು ಕೆಲವರ ಸುಲಭದ ದಾರಿ, ಆದರೆ ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕ್, ಅಲ್ಲದೆ ಕಾದ ಉಕ್ಕಿನ ಹದವೂ ಹೋಗುತ್ತದೆ. ಮೇಸ್ತ್ರಿಯ ವಿಧಾನ ಬೇರೆ: ಹ್ಯಾಕ್ಸಾ ಬ್ಲೇಡನ್ನು ಕಣ್ಣೊಳಗೆ ತೂರಿಸಿ ಹಳೇ ಕೊಳವೆಗೆ ಉದ್ದಕ್ಕೆ ಸೀಳು ಕೊಡುವುದು, ಆಮೇಲೆ ಉದ್ದದ ಬೋಲ್ಟ್, ನಟ್ಟು, ಒಂದು ತುಂಡು ಪೈಪ್ ಇಟ್ಟು ಪಾನದಿಂದ ತಿರುಗಿಸುತ್ತಾ ಹೊರಕ್ಕೆಳೆಯುವುದು. ಹೊಸದನ್ನು ಒಳಸೇರಿಸುವುದೂ ಹಾಗೆಯೇ. ಜಾರಲೆಂದು ಹಚ್ಚಿದ್ದು ಸೋಪಿನ ನೀರು ಮಾತ್ರ. ಗ್ರೀಸು, ಆಯಿಲ್ ತಾಗಿದರೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಒಂದು ಬದಿ ಚೆನ್ನಾಗಿ ಕಂಡರೂ ಎರಡೂ ಬದಿ ಒಟ್ಟಿಗೇ ಬದಲಾಯಿಸಬೇಕು.

ಬೋಲ್ಟ್‌ಗಳನ್ನೆಲ್ಲ ಕೈಬಿಗಿ ಮಾಡಿ, ಚಕ್ರ ಹಾಕಿ, ಕಾರನ್ನು ನೆಲಕ್ಕಿಳಿಸಿ, ದೂಡಿ ಗುಂಡಿಯ ಮೇಲೆ ನಿಲ್ಲಿಸಿದರು. ನಾಲ್ಕೂ ಚಕ್ರ ನೆಲದ ಮೇಲಿತ್ತು. ಒಮ್ಮೆ ಹಿಂದೆ ಮುಂದೆ ಅಲುಗಿಸಿದರು. ಪಾನ ಹಿಡಿದು ಗುಂಡಿಗಿಳಿದ ಮೇಸ್ತ್ರಿ ಕೆಳಗಿನಿಂದಲೇ ಕೂಗಿದರು: "ಎಂತ ನೋಡ್ತಾ ನಿಂತಿದ್ದೀರಿ ಮಕ್ಳೇ? ಹಿಂದೆ ಕೂತ್ಕೊಳ್ಳಿ. ಇದು ಖಾಲಿ ಓಡಿದ ಗಾಡಿ ಅಲ್ಲ. ಭಾರ ಬರ್ಬೇಕು, ಮತ್ತೆ ಬಿಗಿಯುದು."

ನಾವು ಹತ್ತಿ ಕೂತೆವು. ಸೀಟಿನಡಿ ಪಾನದ ಕಟಕ್ ಕಟಕ್ ಕೇಳಿತು. ಒಂದೊಂದೇ ಬೋಲ್ಟ್ ಬಿಗಿಯಾಯಿತು.

ಉಳಿಯುವುದು ಏನು?

ಅಂಬಾಸಿಡರ್ ಹೆಸರನ್ನು 2017ರಲ್ಲಿ ಫ್ರಾನ್ಸಿನ ಪ್ಯೂಜೋ ಕಂಪನಿಗೆ 80 ಕೋಟಿ ರೂಪಾಯಿಗೆ ಮಾರಿದ್ದಾರೆ. ಬುಷ್ ಇನ್ನೂ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹುಡುಕಿದರೆ ಸಿಗುತ್ತದೆ. ಖಾಸಗಿ ಕಾರಿಗೆ ಹದಿನೈದು ವರ್ಷವಾದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, ಅದಕ್ಕೆ ಗಾಡಿ ಸುಸ್ಥಿತಿಯಲ್ಲಿರಬೇಕು. ಹಳೇ ಗಾಡಿ ಎಲ್ಲವೂ ಉಳಿಯಲಿ ಎಂದು ನಾವು ಹೇಳುತ್ತಿಲ್ಲ. ಹೊಗೆ ಕಾರುವ, ಬ್ರೇಕ್ ಹಿಡಿಯದ ಗಾಡಿ ಹೋಗಲೇಬೇಕು. ಆದರೆ ಸರಿಯಾಗಿ ಬಿಗಿಯದ ನಾಲ್ಕು ಬೋಲ್ಟಿನಿಂದಾಗಿ ಒಂದು ಗಾಡಿ ಗುಜರಿಗೆ ಹೋದರೆ ಅದು ಗಾಡಿಯ ಮುಪ್ಪಲ್ಲ, ನಮ್ಮ ಮರೆವು.

ಮೇಸ್ತ್ರಿಗೆ ಶಿಷ್ಯರಿಲ್ಲ. ಮಗ ಗಲ್ಫ್‌ನಲ್ಲಿದ್ದಾನೆ. ಭಾರ ಬಂದ ಮೇಲೆ ಬಿಗಿಯಬೇಕು ಎಂಬ ಮಾತು ಯಾವ ಬೋರ್ಡಿನಲ್ಲೂ ಬರೆದಿಲ್ಲ, ಅವರ ಕೈಯಲ್ಲಿದೆ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇವೆ.

ಆ ಸಂಜೆ ಮಾವ ನಮ್ಮನ್ನೆಲ್ಲ ತುಂಬಿಕೊಂಡು ಅದೇ ತಿರುವಿಗೆ ಕಾರು ತಂದರು. ಮುಂಭಾಗದ ಜೊತೆಗೇ ಹಿಂಭಾಗವೂ ತಿರುಗಿತು. ಸದ್ದಿರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, ತೋಟದ ಕೆಲಸ ಮುಗಿಸಿ ಕಾಲೋನಿಗೆ ನಡೆದು ಹೋಗುತ್ತಿದ್ದ ಇಬ್ಬರು ಹೆಂಗಸರ ಪಕ್ಕ ಮಾವ ಹಳೇ ಅಭ್ಯಾಸದಂತೆ ಕಾರು ನಿಲ್ಲಿಸಿದರು. ನಾವು ಒತ್ತಿ ಕೂತು ಜಾಗ ಮಾಡಿದೆವು. ಬಾಗಿಲು ಹಾಕಲು ಆಯಿತು.